ಮುಟ್ಟಿ ನೋಡುತ್ತಿದ್ದ ದಾಮೋದರ ಅಂಕಲ್

ದಾಮೋದರ ಅಂಕಲ್ ಗಾಡಿಯನ್ನು ಪರೀಕ್ಷೆ ಮಾಡುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮೊದಲ ಸಲ ಅದನ್ನು ಕಂಡಾಗ ನನಗೆ ಸ್ವಲ್ಪ ಭಯವೇ ಆಯಿತು. ಎಪ್ಪತ್ತರ ಹತ್ತಿರದ ಮನುಷ್ಯ, ನೀಲಿ ಶರ್ಟು, ಮೊಣಕಾಲಿಗೆ ಕಟ್ಟಿಕೊಂಡ ರಬ್ಬರಿನ ಮೆತ್ತೆ. ನೆಲಕ್ಕೆ ಮಂಡಿಯೂರಿ, ಕಣ್ಣು ಮುಚ್ಚಿ, ಎರಡು ಗಾಡಿಗಳ ನಡುವಿನ ಕಬ್ಬಿಣದ ಮೇಲೆ ಬೆರಳಾಡಿಸುತ್ತ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು: “ಎಡದ ಪಿನ್, ಉಂಟು. ಎಡದ ಕ್ಲಿಪ್, ಉಂಟು. ಬಲದ ಪಿನ್, ಉಂಟು. ಬಲದ ಕ್ಲಿಪ್, ಉಂಟು. ಕೇಬಲ್ ಒಂದು, ಉಂಟು. ಕೇಬಲ್ ಎರಡು, ಉಂಟು. ಲೈಟಿನ ವಯರ್, ಉಂಟು. ಬ್ರೇಕಿನ ದಾರ, ಉಂಟು.” ಎಂಟನೆಯ ‘ಉಂಟು’ ಆದ ಮೇಲಷ್ಟೇ ಕಣ್ಣು ತೆರೆಯುತ್ತಿದ್ದರು. ನಡುವೆ ಯಾರಾದರೂ ಮಾತಾಡಿಸಿದರೆ ಮತ್ತೆ ಮೊದಲಿನಿಂದ.

“ಕಣ್ಣು ಬಿಟ್ಟುಕೊಂಡೇ ನೋಡಬಹುದಲ್ಲ ಅಂಕಲ್?” ಎಂದು ನನ್ನ ಗಂಡ ಶ್ರೀಧರ ಒಮ್ಮೆ ಕೇಳಿದ.

“ಕಣ್ಣಿಗೆ ಅಭ್ಯಾಸ ಆಗಿ ಹೋಗ್ತದೆ ಮಾರಾಯ್ರೆ. ನಿನ್ನೆ ಇದ್ದದ್ದನ್ನೇ ಇವತ್ತೂ ತೋರಿಸ್ತದೆ, ಇಲ್ಲದಿದ್ರೂ ತೋರಿಸ್ತದೆ. ಬೆರಳು ಹಾಗಲ್ಲ. ಇದ್ರೆ ತಾಗ್ತದೆ, ಇಲ್ಲದಿದ್ರೆ ಇಲ್ಲ.”

ಈ ಪದ್ಧತಿ ಅವರಿಗೆ ಬಂದದ್ದು ಮಲ್ಪೆ ಬಂದರಿನಲ್ಲಿ. ಹದಿನೆಂಟನೇ ವಯಸ್ಸಿಗೆ ಮೀನುಗಾರಿಕೆ ದೋಣಿಗಳ ಎಂಜಿನ್ ರಿಪೇರಿಗೆ ಸೇರಿದವರು ಅವರು. ದೋಣಿಯ ಹೊಟ್ಟೆಯೊಳಗೆ ತಲೆಯನ್ನೇ ತೂರಿಸಲಾಗದ ಕಡೆ ಕೈ ತೂರಿಸಿ, ಕಾಣದ ನಟ್ಟುಗಳನ್ನು ಬೆರಳಲ್ಲೇ ಗುರುತು ಹಿಡಿದು ಬಿಗಿಯಬೇಕಾಗಿತ್ತಂತೆ. ಅಲ್ಲಿಂದ ಬಹ್ರೇನ್, ಅಲ್ಲಿಂದ ಸ್ಯಾನ್ ಡಿಯಾಗೋ. ಪೊವೇಯ ಬಿಸಿನೆಸ್ ಪಾರ್ಕಿನಲ್ಲಿ, ಕೌಂಟರ್‌ಟಾಪ್ ಕೊರೆಯುವವರ ಮತ್ತು ಈಜುಕೊಳದ ಪಂಪು ಮಾರುವವರ ನಡುವೆ, ಎರಡು ದೊಡ್ಡ ಶಟರ್‌ಗಳಿದ್ದ ಅಂಗಡಿ ಅವರದು. ಮಾಡುತ್ತಿದ್ದದ್ದು ಒಂದೇ ಕೆಲಸ: ಮೋಟರ್‌ಹೋಮಿನ ಹಿಂದೆ ಕಾರು ಕಟ್ಟಿ ಎಳೆಯುವ ಸಲಕರಣೆಗಳನ್ನು ಕೂರಿಸುವುದು.

ನಾವು ಅಲ್ಲಿಗೆ ಹೋದದ್ದು ೨೦೨೨ರಲ್ಲಿ. ಹಿಂದಿನ ವರ್ಷ, ಜನ ಹೋಟೆಲಿಗೂ ವಿಮಾನಕ್ಕೂ ಹೆದರುತ್ತಿದ್ದ ಕಾಲದಲ್ಲಿ, ಶ್ರೀಧರ ಒಂದು ಹಳೆಯ ಮೋಟರ್‌ಹೋಮ್ ಕೊಂಡಿದ್ದ. ಮಂಚ, ಒಲೆ, ಬಚ್ಚಲು ಎಲ್ಲ ಇರುವ, ಬಸ್ಸಿನಷ್ಟು ಉದ್ದದ ಗಾಡಿ. ಎಲ್ಲಾದರೂ ಹೋಗಿ ಅದನ್ನು ನಿಲ್ಲಿಸಿದ ಮೇಲೆ ಒಂದು ಲೋಟ ಹಾಲು ಬೇಕೆಂದರೂ ಇಡೀ ಮನೆಯನ್ನೇ ಓಡಿಸಿಕೊಂಡು ಹೋಗಬೇಕು. ಅದಕ್ಕೇ ಜನ ಒಂದು ಸಣ್ಣ ಕಾರನ್ನು ಹಿಂದೆ ಕಟ್ಟಿಕೊಳ್ಳುತ್ತಾರೆ. ಕಾರಿನ ನಾಲ್ಕೂ ಚಕ್ರ ರಸ್ತೆಯ ಮೇಲೆ, ಒಳಗೆ ಯಾರೂ ಇಲ್ಲ. ಹಿಡಿದಿರುವುದು ಟೋ ಬಾರ್ ಎನ್ನುವ ಎರಡು ಕಬ್ಬಿಣದ ತೋಳುಗಳು, ಒಂದೊಂದು ತೋಳಿನ ತುದಿಗೆ ಒಂದೊಂದು ಪಿನ್, ಆ ಪಿನ್ ಜಾರದಂತೆ ಅದರ ತುದಿಗೆ ಒಂದೊಂದು ಕ್ಲಿಪ್. ಇವು ಕೈಕೊಟ್ಟರೆ ಎಂದು ಎರಡು ಕೇಬಲ್. ಅವೂ ಸಾಲದಾದರೆ ಕಾರಿನ ಬ್ರೇಕನ್ನು ತಾನಾಗಿ ಒತ್ತಿಸುವ ಒಂದು ತೆಳು ತಂತಿ. ಅದನ್ನೇ ಅಂಕಲ್ ‘ಬ್ರೇಕಿನ ದಾರ’ ಎನ್ನುತ್ತಿದ್ದದ್ದು.

ನಾವಿರುವುದು ಲಾಸ್ ಏಂಜಲಿಸ್‌ನ ಉತ್ತರಕ್ಕೆ, ಸ್ಯಾಂಟಾ ಕ್ಲಾರಿಟಾದಲ್ಲಿ. ನಮ್ಮ ಕಡೆಯ ಅಂಗಡಿಗಳೆಲ್ಲ ಮೂರು ತಿಂಗಳು ಕಾಯಿರಿ ಎಂದವು. ಸ್ಯಾನ್ ಡಿಯಾಗೋದ ಸ್ನೇಹಿತರೊಬ್ಬರು, “ಪೊವೇಲಿ ನಮ್ಮವ್ರೇ ಒಬ್ರಿದಾರೆ. ನಿಧಾನ. ಆದ್ರೆ ನೀಟು,” ಎಂದು ನಂಬರು ಕೊಟ್ಟರು.

ನಿಧಾನ ಎಂದದ್ದು ಕಡಿಮೆಯೇ ಆಯಿತು. ಎರಡು ದಿನದ ಕೆಲಸದಲ್ಲಿ ಮೊದಲ ಅರ್ಧ ದಿನ ಅವರು ಕಾರಿನ ಮುಂದಿನ ಬಂಪರ್ ಬಿಚ್ಚಿ, ಅದರ ಸ್ಕ್ರೂಗಳನ್ನೆಲ್ಲ ಒಂದು ಹಳೆಯ ಬೆಡ್‌ಶೀಟಿನ ಮೇಲೆ ಬಂಪರಿನದೇ ಆಕಾರದಲ್ಲಿ ಜೋಡಿಸಿಟ್ಟರು. ಎಡಗಡೆಯ ಸ್ಕ್ರೂ ಎಡಗಡೆಗೇ ಹೋಗಬೇಕು. ಹನ್ನೆರಡೂವರೆಗೆ ಸರಿಯಾಗಿ ಕೆಲಸ ನಿಂತಿತು. ಹೆಂಡತಿ ಗುಲಾಬಿ ಆಂಟಿ ಕೊಟ್ಟು ಕಳಿಸಿದ ಸ್ಟೀಲ್ ಡಬ್ಬಿಯಿಂದ ಕುಚ್ಚಲಕ್ಕಿ ಗಂಜಿ ಮತ್ತು ಚಟ್ನಿ. ನಮಗೂ ಬಡಿಸಿದರು. ಎದುರಿಗೆ ಕೂತಿದ್ದ ಒಬ್ಬ ಅಮೆರಿಕನ್ ಗಿರಾಕಿಗೂ ಬಡಿಸಿದರು, ಅವನು ಅದನ್ನು ಸೂಪು ಎಂದುಕೊಂಡು ಕುಡಿದ.

ಶ್ರೀಧರ ಟೆಲಿಕಾಂ ಎಂಜಿನಿಯರು. ವಿಡಿಯೋಗಳನ್ನು ನೋಡಿ ಎಲ್ಲವನ್ನೂ ಕಲಿತುಕೊಂಡು ಬಂದಿದ್ದ. ಅಂಕಲ್ ಕೆಳಗೆ ಮಲಗಿ ಬೋಲ್ಟ್ ಬಿಗಿಯುತ್ತಿದ್ದರೆ ಇವನು ಮೇಲೆ ನಿಂತು ಅದು ಎಷ್ಟು ಬಿಗಿಯಿರಬೇಕೆಂದು ಹೇಳುತ್ತಿದ್ದ.

“ಎಂಜಿನಿಯರ್ರೇ,” ಕೆಳಗಿನಿಂದ ಧ್ವನಿ ಬಂತು, “ಫೋನಲ್ಲಿ ಕಲಿತದ್ದನ್ನು ಫೋನಿಗೆ ಹೇಳಿ. ಇಲ್ಲಿ ಕಲೀಬೇಕಾದ್ರೆ ಪ್ಯಾಂಟು ಕೊಳೆ ಆಗ್ತದೆ.”

ಕೊನೆಗೆ ಪ್ಯಾಂಟು ಕೊಳೆ ಆಯಿತು. ನನ್ನದೂ ಆಯಿತು. ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆಯಾಗಿ, ಒಬ್ಬರ ಸಹಾಯವಿಲ್ಲದೆ ಇನ್ನೊಬ್ಬರು, ಮೂರು ಮೂರು ಸಲ ಕಾರನ್ನು ಬಿಚ್ಚಿ ಕಟ್ಟಿ ತೋರಿಸದೆ ಅವರು ಗಾಡಿ ಬಿಟ್ಟುಕೊಡುತ್ತಿರಲಿಲ್ಲ. “ಒಬ್ರಿಗೆ ಜ್ವರ ಬಂತು ಅಂತ ಇಟ್ಕೊಳ್ಳಿ. ಆಗ ಇನ್ನೊಬ್ರು ಎಂತ ಮಾಡುವುದು?” ನನ್ನ ಮೂರನೆಯ ಸಲ ಮುಗಿದಾಗ, “ನಿಮ್ಮ ಕೈ ಚಂದ ಉಂಟು. ಅವಸರ ಇಲ್ಲ,” ಎಂದರು. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ರಕ್ತದ ಟ್ಯೂಬುಗಳಿಗೆ ಚೀಟಿ ಅಂಟಿಸಿದವಳು. ಆ ಮಾತಿನಿಂದ ನನಗಾದ ಸಂತೋಷವನ್ನು ಯಾರಿಗೂ ತೋರಿಸಲಿಲ್ಲ.

ಅವರ ಕ್ಲಿಪ್ಪುಗಳ ವಿಷಯ ಇಲ್ಲೇ ಹೇಳಬೇಕು. ಅಂಗಡಿಯಿಂದ ಹೊರಡುವ ಪ್ರತಿಯೊಂದು ಕ್ಲಿಪ್ಪಿಗೂ ಗುಲಾಬಿ ಆಂಟಿಯ ಕೆಂಪು ನೇಲ್ ಪಾಲಿಶ್ ಬಳಿದಿರುತ್ತಿತ್ತು, ದೂರದಿಂದಲೂ ಕಾಣಲಿ ಎಂದು. “ನನ್ನ ಉಗುರಿಗಿಂತ ಇವರ ಕಬ್ಬಿಣಕ್ಕೇ ಹೆಚ್ಚು ಖರ್ಚಾಗಿದೆ,” ಎಂದು ಆಂಟಿ ನಗುತ್ತಿದ್ದರು.

ಇನ್ನೊಂದು ಪದ್ಧತಿ ಲಿಂಬೆಹಣ್ಣಿನದು. ಅಂಗಡಿಯ ಹಿಂಬಾಗಿಲಲ್ಲಿ ದೊಡ್ಡ ಕುಂಡದಲ್ಲಿ ಒಂದು ಲಿಂಬೆ ಗಿಡವಿತ್ತು. ಎಲ್ಲ ಪರೀಕ್ಷೆ ಮುಗಿದ ಮೇಲೆ ಚಕ್ರದ ಕೆಳಗೆ ಎರಡು ಲಿಂಬೆಹಣ್ಣು ಇಟ್ಟು, ಅದರ ಮೇಲೆ ಗಾಡಿ ಹಾಯಿಸಿ ಕಳಿಸುತ್ತಿದ್ದರು. ನಮ್ಮಂಥವರಾದರೆ ಕುಂಕುಮ, ಹೂವು, ಕಾಯಿ ಎಲ್ಲ ಸೇರಿಸಿ ಪೂಜೆ. ಅಮೆರಿಕನ್ನರಿಗೆ ಏನೂ ಹೇಳದೆ ಬರೀ ಹಣ್ಣು. ಆ ಗಂಜಿ ಕುಡಿದವನು ಹಿಂದಿನ ವರ್ಷ ಒಂದು ಗಾಡಿ ಮಾಡಿಸಿಕೊಂಡು ಹೋಗಿದ್ದನಂತೆ. ಅಂದು ಎರಡನೆಯದು ಮುಗಿಸಿಕೊಂಡು ಹೊರಟವನು ಕಿಟಕಿಯಿಂದ ತಲೆ ಹೊರಗೆ ಹಾಕಿ, “ನನ್ನ ಲಿಂಬೆ ಎಲ್ಲಿ?” ಎಂದು ಜಬರಿಸಿ ಕೇಳಿದ.

ನಮ್ಮ ಪೂಜೆ ಶನಿವಾರ ಮಧ್ಯಾಹ್ನ. ಅಂಕಲ್ ಕಣ್ಣು ಮುಚ್ಚಿ ಎಂಟೂ ‘ಉಂಟು’ ಹೇಳಿ ಮುಗಿಸಿದ್ದರು. ನಾನು ಮನೆಯಿಂದಲೇ ಸೇವಂತಿಗೆ ಹೂವು ಕಟ್ಟಿಕೊಂಡು ತಂದಿದ್ದೆ. ಬೇರೆಯವರೆಲ್ಲ ಬಾನೆಟ್ಟಿನ ಮೇಲೆ ಹೂವಿಟ್ಟು ಮುಗಿಸುತ್ತಾರೆ. ನನಗೆ ಅದು ಸರಿಯೆನಿಸಲಿಲ್ಲ. ಕಾರು ಹಳೆಯದು, ಮೋಟರ್‌ಹೋಮೂ ಹಳೆಯದು. ಹೊಸದಾಗಿ ಬಂದದ್ದು ಟೋ ಬಾರ್, ಪೂಜೆ ಆಗಬೇಕಾದ್ದು ಅದಕ್ಕೆ.

“ಅಂಕಲ್, ಇದಕ್ಕೇ ಮಾಡ್ತೀನಿ, ಆಗಬಹುದಾ?”

“ಮಾಡಿ, ಮಾಡಿ. ಪಾಪ, ಅದಕ್ಕೆ ಯಾರೂ ಮಾಡುವುದಿಲ್ಲ.”

ಎರಡೂ ತೋಳುಗಳಿಗೆ ಅರಿಶಿನ ಕುಂಕುಮ ಹಚ್ಚಿದೆ. ಹೂವಿನ ಸರವನ್ನು ಬಲಗಡೆಯ ಪಿನ್ನಿಗೆ ಸುತ್ತಿ ಕಟ್ಟಿದೆ, ಅಲ್ಲೇ ಅದು ನಿಲ್ಲುತ್ತಿದ್ದದ್ದು. ಆರತಿ ಎತ್ತಿದೆ. ಶ್ರೀಧರ ಕಾಯಿ ಒಡೆದ.

ಆಮೇಲೆ ನಡೆದ ಒಂದು ಸಂಗತಿಯನ್ನು ನಾನು ಸ್ಪಷ್ಟವಾಗಿ ನೋಡಿದ್ದೇನೆ. ಅಂಕಲ್ ಅಭ್ಯಾಸಬಲದಿಂದ ಬಗ್ಗಿ ಬಲಗಡೆಗೆ ಕೈ ಚಾಚಿದರು. ಹೂವು ಕಂಡಿತು. ತಮ್ಮ ಕೈ ನೋಡಿಕೊಂಡರು, ಮಣಿಕಟ್ಟಿನವರೆಗೆ ಗ್ರೀಸು. ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಶರ್ಟಿಗೆ ಒರೆಸಿಕೊಂಡರು. “ದೇವರ ಕೆಲಸ ಆಯ್ತಲ್ಲ, ಇನ್ನು ಈ ಕೈ ಬೇಡ. ಹೊರಡಿ, ಸಾವಕಾಶ ಹೋಗಿ,” ಎಂದರು. ಲಿಂಬೆಹಣ್ಣುಗಳು ಚಕ್ರದ ಕೆಳಗೆ ಒಡೆದವು. ನಾವು ಹೊರಟೆವು.

ಎಸ್ಕೊಂಡಿಡೊ ದಾಟಿ ಸ್ವಲ್ಪ ದೂರ ಹೋದರೆ ಹೆದ್ದಾರಿ ಉದ್ದಕ್ಕೆ ಇಳಿಯುತ್ತದೆ. ನಾನು ಪಕ್ಕದ ಸೀಟಿನಲ್ಲಿದ್ದೆ. ಎದುರಿಗೆ ಗಾಡಿಯ ಹಿಂಭಾಗದ ಕ್ಯಾಮೆರಾದ ಸಣ್ಣ ಪರದೆ, ಅದರಲ್ಲಿ ನಮ್ಮ ಕಾರಿನ ಮುಖ. ಆ ಮುಖ ಓರೆಯಾಯಿತು. ಮೊದಲು ಸ್ವಲ್ಪ, ಆಮೇಲೆ ತುಂಬ, ನಮ್ಮದೇ ಕಾರು ನಮ್ಮನ್ನು ಓವರ್‌ಟೇಕ್ ಮಾಡಲು ಹೊರಟ ಹಾಗೆ. ಒಂದು ಸದ್ದು ಕೇಳಿತು. “ಶ್ರೀ, ಕಾರು,” ಎಂದೆ. ಅವನು ಒಮ್ಮೆಲೇ ಬ್ರೇಕ್ ಹಾಕದೆ ನಿಧಾನವಾಗಿ ಬದಿಗೆ ತಂದ. ಕನ್ನಡಿಯಲ್ಲಿ ಒಬ್ಬ ಬೈಕಿನವನು ಕಂಡ. ಅವನಿಗೂ ನಮ್ಮ ಕಾರಿನ ಮೂಲೆಗೂ ನಡುವೆ ಒಂದು ತೋಳಿನಷ್ಟು ಜಾಗವಿತ್ತು. ಅದಕ್ಕಿಂತ ಹೆಚ್ಚಿರಲಿಲ್ಲ.

ಬಲಗಡೆಯ ಪಿನ್ ಜಾರಿ ಬಿದ್ದಿತ್ತು. ತೋಳನ್ನು ಕಾರಿಗೆ ಕಚ್ಚಿಸುವ ಎಡಗಡೆಯ ಹಿಡಿಕೆ ಬಾಗಿ ಮುರಿದಿತ್ತು. ಕೇಬಲ್ಲುಗಳು ಹಿಡಿದಿದ್ದವು, ಬ್ರೇಕಿನ ದಾರ ಎಳೆದು ಕಾರಿನ ಬ್ರೇಕ್ ಬಿದ್ದಿತ್ತು. ಬೈಕಿನವನು ಹೆಲ್ಮೆಟ್ ತೆಗೆದುಕೊಂಡು ನಮ್ಮ ಕಡೆ ಓಡಿ ಬಂದ. ಬೈಯುತ್ತಾನೆ ಎಂದುಕೊಂಡೆ. ಅವನು ಕೇಳಿದ್ದು, “ಆ ಕಾರಿನಲ್ಲಿ ಯಾರಾದರೂ ಇದ್ದಾರಾ?” ಎಂದು. ಇಲ್ಲ ಎಂದೆವು. ಅವನು ರಸ್ತೆ ಬದಿಯ ಮಣ್ಣಿನಲ್ಲಿ ಕೂತುಬಿಟ್ಟ. ನನ್ನ ಮಗನಿಗಿಂತ ಚಿಕ್ಕವನಿರಬೇಕು. ಈಗಲೂ ನನಗೆ ಮೊದಲು ನೆನಪಾಗುವುದು ಅವನ ಬೂಟುಗಳು.

ಸಂಜೆ ಶ್ರೀಧರ ಅಂಕಲ್‌ಗೆ ಫೋನ್ ಮಾಡಿದ. ಸ್ಪೀಕರಿನಲ್ಲಿತ್ತು, ನಾನೂ ಕೇಳಿಸಿಕೊಂಡೆ.

“ನೀವಿಬ್ರೂ ಸಮ ಇದ್ದೀರಾ?”

“ಇದೀವಿ ಅಂಕಲ್. ಯಾರಿಗೂ ಏನೂ ಆಗಿಲ್ಲ.”

“ಯಾವ ಬದಿ?”

“ಬಲಗಡೆ.”

“ಬಲಗಡೆ ನಾನು ಕೊನೆಗೆ ಮುಟ್ಟಲಿಲ್ಲ,” ಎಂದರು. “ಕೈ ಚಾಚಿದ್ದೆ. ಮುಟ್ಟಲಿಲ್ಲ. ತಪ್ಪು ನನ್ನದು ಮಾರಾಯ್ರೆ.”

ಮೂರನೆಯ ದಿನ ನಾನು ಮೋಟರ್‌ಹೋಮಿನ ಸಿಂಕಿನ ಕೆಳಗಿಂದ ಪೂಜೆಯ ತಟ್ಟೆ ತೆಗೆದೆ. ಬಾಡಿದ ಹೂವು, ಕಾಯಿಯ ಒಂದು ಚೂರು, ಉದುರಿದ ಕುಂಕುಮ. ಅದರ ಅಡಿಯಲ್ಲಿ ಕೆಂಪು ನೇಲ್ ಪಾಲಿಶ್ ಬಳಿದ ಒಂದು ಕ್ಲಿಪ್.

ಅದನ್ನು ತೆಗೆದದ್ದು ನನಗೆ ನೆನಪಿಲ್ಲ. ಇದನ್ನು ಎಷ್ಟು ಸಲ ನನ್ನನ್ನೇ ಕೇಳಿಕೊಂಡಿದ್ದೇನೋ. ಸರ ಸುತ್ತಲು ಅಡ್ಡ ಬಂತೆಂದು ಬಿಚ್ಚಿರಬೇಕು, ಕೆಳಗಿಟ್ಟರೆ ಕಳೆದೀತೆಂದು ತಟ್ಟೆಯಲ್ಲಿಟ್ಟಿರಬೇಕು, ಆಮೇಲೆ ಅದರ ಮೇಲೆಯೇ ಉಳಿದ ಹೂವು ಹಾಕಿರಬೇಕು. ನೆನಪಿಲ್ಲ. ಆದರೆ ತಟ್ಟೆ ನನ್ನದು, ಬೇರೆ ಯಾರ ಕೈಯೂ ಅದರೊಳಗೆ ಹೋಗಿರಲಿಲ್ಲ. ಪಿನ್ನಿನ ಸುತ್ತ ಹೂವಿದ್ದದ್ದರಿಂದ ಕ್ಲಿಪ್ ಇಲ್ಲದ್ದು ಯಾರಿಗೂ ಕಾಣಲಿಲ್ಲ. ಬೆರಳಿಗಾದರೆ ತಿಳಿಯುತ್ತಿತ್ತು.

ಶ್ರೀಧರನಿಗೆ ತೋರಿಸಿದೆ. ಅವನು ಕ್ಲಿಪ್ಪನ್ನು ತಿರುಗಿಸಿ ನೋಡಿ ಮೇಜಿನ ಮೇಲಿಟ್ಟ. “ಹೇಳ್ಬಿಡು. ಇಲ್ಲಾಂದ್ರೆ ನಾನೇ ಹೇಳ್ತೀನಿ.”

“ಬೇಡ. ನಾನೇ ಹೇಳ್ತೀನಿ,” ಎಂದೆ.

ಹೇಳಲಿಲ್ಲ. ಫೋನ್ ಕೈಗೆ ತೆಗೆದುಕೊಳ್ಳುತ್ತಿದ್ದೆ, ಆ ಬೈಕಿನವನು ಮಣ್ಣಿನಲ್ಲಿ ಕೂತದ್ದು ಕಣ್ಣಿಗೆ ಬರುತ್ತಿತ್ತು, ಇಡುತ್ತಿದ್ದೆ. ಇಪ್ಪತ್ತೆರಡು ವರ್ಷ ಒಂದು ಚೀಟಿಯೂ ತಪ್ಪದ ಕೈ ಎಂದು ನನಗೊಂದು ಹೆಮ್ಮೆಯಿತ್ತು, ಅದೂ ಅಡ್ಡ ಬಂತು. ನಾಳೆ ಹೇಳಿದರಾಯಿತು ಎಂದು ದಿನ ಕಳೆದೆ. ನನ್ನ ಬಾಯಿಂದ ಬರಬೇಕೆಂದು ಶ್ರೀಧರ ಕಾದ, ದಿನಾ ಒಮ್ಮೆ ನನ್ನ ಮುಖ ನೋಡಿ ತನ್ನ ಕೆಲಸಕ್ಕೆ ಹೋಗುತ್ತಿದ್ದ.

ಒಂದು ಬೆಳಿಗ್ಗೆ ಗುಲಾಬಿ ಆಂಟಿಯೇ ಫೋನ್ ಮಾಡಿದರು.

“ಇವರು ಅಂಗಡಿ ತೆಗೆಯುವುದಿಲ್ಲ ಅಂತಿದ್ದಾರೆ ಮಾರಾಯ್ತಿ. ಗಿರಾಕಿಗಳ ಪುಸ್ತಕ ಹಿಡ್ಕೊಂಡು ಕೂತಿದ್ದಾರೆ. ಎಷ್ಟು ಜನಕ್ಕೆ ಗಾಡಿ ಮಾಡಿ ಕೊಟ್ಟಿದ್ದಾರೋ ಅವರಿಗೆಲ್ಲ ಒಬ್ಬೊಬ್ರಿಗೇ ಫೋನ್. ‘ನಿಮ್ಮದು ಬಲಗಡೆ ನೋಡಿ, ಎಡಗಡೆ ನೋಡಿ, ಹೋಗಿ ಮುಟ್ಟಿ ಬಂದು ಹೇಳಿ.’ ಅವರು ನೋಡಿ ಬರುವವರೆಗೂ ಲೈನಲ್ಲಿ ಕಾಯ್ತಾರೆ. ಒಬ್ಬ ಅಲಾಸ್ಕಾದಲ್ಲಿ ಇದ್ದನಂತೆ, ಅವನನ್ನೂ ಬಿಡಲಿಲ್ಲ. ನಿನ್ನೆ ನನ್ನ ಹತ್ರ ಹೇಳ್ತಾರೆ, ನನ್ನ ಕೈ ಹೋಯಿತು ಗುಲಾಬಿ, ಅಂತ. ನೀವಾದ್ರೂ ಒಂದು ಮಾತು ಹೇಳಿ, ಆದದ್ದು ಆಯ್ತು ಅಂತ.”

ನಾನು ಆಗಲೇ ಹೊರಟೆ, ಒಬ್ಬಳೇ. ಸ್ಯಾಂಟಾ ಕ್ಲಾರಿಟಾದಿಂದ ಪೊವೇಗೆ ಆ ದಿನ ಮೂರೂವರೆ ಗಂಟೆ ಹಿಡಿಯಿತು. ಅವರು ಮನೆಯ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಅವರನ್ನು ನಾನು ಅದೇ ಮೊದಲು ನೋಡಿದ್ದು. ಮುಂದೆ ಪುಸ್ತಕ, ಫೋನು, ಪೆನ್ಸಿಲು. ನಾನು ಕ್ಲಿಪ್ಪನ್ನು ಮೇಜಿನ ಮೇಲಿಟ್ಟು, “ಇದು ನನ್ನ ಆರತಿ ತಟ್ಟೇಲಿತ್ತು ಅಂಕಲ್,” ಎಂದೆ.

ಅವರು ಅದನ್ನು ಮುಟ್ಟಿದರು. ಎತ್ತಲಿಲ್ಲ, ಬೆರಳಿನಿಂದ ಮುಟ್ಟಿದರು ಅಷ್ಟೆ.

“ತೆಗೆದದ್ದು ನೆನಪುಂಟಾ?”

“ಇಲ್ಲ.”

“ಮತ್ತೆ ನೀವೇ ಅಂತ ಹೇಗೆ ಹೇಳ್ತೀರಿ?”

“ತಟ್ಟೆ ನನ್ನ ಕೈಲೇ ಇತ್ತು. ಬೇರೆ ಯಾರೂ ಮುಟ್ಟಿಲ್ಲ. ಹೂವು ಕಟ್ಟಿದ್ದೂ ನಾನೇ.”

ಅವರು ತಲೆಯಾಡಿಸಿದರು. “ಇದು ಸಿಕ್ಕಿದ್ದು ಯಾವಾಗ?”

“ಮೂರನೇ ದಿನ.”

“ಇವತ್ತಿಗೆ?”

“ಹದಿನಾಲ್ಕು.”

ಒಲೆಯ ಹತ್ತಿರ ನಿಂತಿದ್ದ ಆಂಟಿ ಇತ್ತ ತಿರುಗಿದರು. “ಹನ್ನೊಂದು ದಿನ! ಹನ್ನೊಂದು ದಿನ ಈ ಮನುಷ್ಯ ಎರಡು ತುತ್ತು ಸರಿಯಾಗಿ ತಿನ್ನಲಿಲ್ಲ, ಗೊತ್ತುಂಟಾ ನಿಮ್ಗೆ? ಒಂದು ಫೋನ್ ಮಾಡ್ಲಿಕ್ಕೆ ನಿಮ್ಗೆ ಎಂತ ಆಗಿತ್ತು?”

“ಹೆದರಿಕೆ ಆಯ್ತು ಆಂಟಿ,” ಎಂದೆ. ಅದು ನಿಜ, ಆದರೆ ಉತ್ತರವಲ್ಲ.

“ಬಿಡು ಗುಲಾಬಿ,” ಎಂದರು ಅಂಕಲ್. “ಬಂದು ಹೇಳಿದ್ರಲ್ಲ. ಹೇಳದೇ ಇದ್ರೆ ನಮಗೆ ಗೊತ್ತಾಗ್ತಿತ್ತಾ?”

ಆಂಟಿ ಸೆರಗಿನಿಂದ ಮುಖ ಒರೆಸಿಕೊಂಡು ಒಲೆಯ ಕಡೆ ತಿರುಗಿದರು. ಒಂದು ನಿಮಿಷದ ಮೇಲೆ, ಇನ್ನೂ ತಿರುಗಿಕೊಂಡೇ, “ಊಟ ಮಾಡಿ ಹೋಗ್ಬೇಕು,” ಎಂದರು.

ಅಂಕಲ್ ತಮ್ಮ ಪುಸ್ತಕ ಮುಚ್ಚಿದರು. ನಾನು ಇನ್ಶೂರೆನ್ಸಿನವರಿಗೆ ಬರೆದಿಟ್ಟುಕೊಂಡಿದ್ದ ಪತ್ರವನ್ನು ತೋರಿಸಿದೆ. ಅವರು ಓದಿ ಹೇಳಿ ಎಂದರು. ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳಿದೆ: ಕ್ಲಿಪ್ ತೆಗೆದದ್ದು ನಾನು, ಅಂಗಡಿಯವರ ತಪ್ಪೇನೂ ಇಲ್ಲ.

“ಅದನ್ನು ಹೊಡೆದು ಹಾಕಿ,” ಎಂದರು.

“ಯಾವುದನ್ನ?”

“ತಪ್ಪೇನೂ ಇಲ್ಲ ಅನ್ನುವುದನ್ನು. ಪೂಜೆ ಆದ ಮೇಲೆ ನಾನು ನೋಡಲಿಲ್ಲ, ಅದನ್ನೂ ಬರೀರಿ.”

“ಅಂಕಲ್, ನೀವು ಸರಿಯಾಗೇ ಹಾಕಿದ್ರಿ. ನಾನು ತೆಗೆದದ್ದು.”

“ನಿಮ್ಮದು ನೀವು ಇಟ್ಕೊಳ್ಳಿ. ನನ್ನ ಪಾಲು ನನಗೆ ಬಿಡಿ.” ಧ್ವನಿ ಏರಲಿಲ್ಲ. “ಪೂರ್ತಿ ನನ್ನದೇ ಅಂತ ಇಷ್ಟು ದಿನ ಹೊತ್ತೆ, ಅದು ಆಗಲಿಲ್ಲ. ಇಷ್ಟು ಆಗ್ತದೆ.”

ಆ ಸಾಲು ಹೊಡೆದು ಹಾಕಿ ಅವರು ಹೇಳಿದ್ದನ್ನು ಬರೆದೆ. ಆ ಬೈಕಿನ ಹುಡುಗನ ನಂಬರು ನಮ್ಮಲ್ಲಿತ್ತು, ಅಂಕಲ್ ಎದುರಿಗೇ ಅವನಿಗೂ ಫೋನ್ ಮಾಡಿ ಹೇಳಿದೆ. ಅವನು ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದ.

ಮರುದಿನ ಅಂಗಡಿಯ ಶಟರ್ ಎದ್ದಿತು. ಅಂದಿನಿಂದ ಅವರ ಪದ್ಧತಿಯಲ್ಲಿ ಎರಡು ಬದಲಾವಣೆಗಳಾದವು. ಒಂದು, ಪೂಜೆ ಮೊದಲಾಯಿತು, ಪರೀಕ್ಷೆ ಕೊನೆಗೆ ಹೋಯಿತು. “ದೇವರು ಮೊದಲು ನೋಡ್ಲಿ, ಮತ್ತೆ ನಾನು ನೋಡ್ತೇನೆ,” ಎನ್ನುತ್ತಿದ್ದರು. ಇದನ್ನು ಎಲ್ಲರಿಗೂ ನಗುತ್ತ ಹೇಳುತ್ತಿದ್ದರು. ಇನ್ನೊಂದನ್ನು ಹೇಳುತ್ತಿರಲಿಲ್ಲ. ಎಂಟು ‘ಉಂಟು’ ಮುಗಿದು ಕಣ್ಣು ತೆರೆದ ಮೇಲೆ ಒಂದು ಗಳಿಗೆ ಹಾಗೇ ಕೂತಿದ್ದು, ಮತ್ತೆ ಕಣ್ಣು ಮುಚ್ಚಿ ಮೊದಲಿನಿಂದ ಶುರು ಮಾಡುತ್ತಿದ್ದರು. ಮೊದಲು ಅವರು ಎಂಟನ್ನೂ ಎರಡನೆಯ ಸಲ ಎಣಿಸುತ್ತಿರಲಿಲ್ಲ. ಆ ಹನ್ನೊಂದು ದಿನಗಳಲ್ಲಿ ಅವರ ಬೆರಳುಗಳಿಂದ ಏನೋ ಒಂದು ಹೋಗಿತ್ತು, ನಾನು ತಂದುಕೊಟ್ಟ ನಿಜದಿಂದ ಅದು ಪೂರ್ತಿ ವಾಪಸು ಬರಲಿಲ್ಲ. ಇದನ್ನು ಕಣ್ಣಾರೆ ನೋಡಿದ್ದೇನೆ, ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಕಾರಿಗೂ ಹೊಸ ಹಿಡಿಕೆ ಕೂರಿಸಿಕೊಟ್ಟರು. ಆದರೆ ನಾನು ಮತ್ತೆ ಆ ಗಾಡಿ ಹತ್ತಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಅದು ನಮ್ಮ ಮನೆಯ ಹತ್ತಿರದ ಬಾಡಿಗೆ ಜಾಗದಲ್ಲಿ ನಿಂತಿತ್ತು. ಮಾರಿಬಿಡೋಣ ಎಂದು ಶ್ರೀಧರ ಫೋಟೋ ತೆಗೆದದ್ದನ್ನು ಅಂಕಲ್‌ಗೆ ಯಾರೋ ಹೇಳಿದರು. ಅವರೇ ಫೋನ್ ಮಾಡಿದರು, ಶ್ರೀಧರನಿಗಲ್ಲ, ನನಗೆ.

“ಮಾರಿ. ಬೇಡ ಅನ್ನುವುದಿಲ್ಲ. ಅದಕ್ಕೆ ಮೊದಲು ಒಂದು ಸಲ ಇಲ್ಲಿಗೆ ತನ್ನಿ. ನಮ್ಮಿಬ್ರನ್ನು ಡೆಲ್ ಮಾರ್ ಬೀಚಿನವರೆಗೆ ಕರ್ಕೊಂಡು ಹೋಗಿ.”

“ಯಾಕೆ ಅಂಕಲ್?”

“ಯಾಕೆ ಅಂದ್ರೆ ಎಂತ? ಮೂವತ್ತು ವರ್ಷ ಆನೆಗೆ ಬಾಲ ಕಟ್ಟಿದೆ. ಅಂಬಾರಿಯಲ್ಲಿ ಒಂದು ದಿನವೂ ಕೂತಿಲ್ಲ.”

ನಾನು ನಂಬಲಿಲ್ಲ. ಆಂಟಿ ಹಿಂದಿನಿಂದ ಕೂಗಿದರು, “ಹೌದು, ಸತ್ಯ! ಯಾರೂ ಕರೀಲಿಲ್ಲ, ಇವರೂ ಕೇಳ್ಲಿಲ್ಲ!”

ಅದು ೨೦೨೩ರ ಕೊನೆಯಲ್ಲಿ. ಮೂರು ತಿಂಗಳ ಮೇಲೆ ಅಂಕಲ್‌ಗೆ ಪಾರ್ಶ್ವವಾಯು ಆಯಿತು, ವಾರದೊಳಗೆ ಹೋದರು. ಅಂಗಡಿಯಲ್ಲೀಗ ಬೇರೆ ಯಾರೋ ಸೈಕಲ್ಲುಗಳನ್ನು ಮಾರುತ್ತಾರೆ. ನಾವು ಹೋದಾಗ ಆಂಟಿ ಅವರ ಬಿಳಿ ಶರ್ಟುಗಳನ್ನು ಮಡಚುತ್ತ, “ಒಂದರಲ್ಲೂ ಕಲೆ ಇಲ್ಲ ನೋಡಿ. ಹಾಕಿದ್ರೆ ತಾನೇ,” ಎಂದರು. ಆ ಡೆಲ್ ಮಾರ್‌ನ ದಿನವೇ ನಾನು ಅವರನ್ನು ಕೊನೆಯ ಸಲ ನೋಡಿದ್ದು.

ಪೊವೇವರೆಗೆ ಶ್ರೀಧರ ಮೋಟರ್‌ಹೋಮ್ ಓಡಿಸಿಕೊಂಡು ಬಂದ, ನಾನು ಬೇರೆಯಾಗಿ ಕಾರಿನಲ್ಲಿ ಬಂದೆ. ಅಂಗಡಿಯ ಮುಂದೆ ಎರಡನ್ನೂ ಜೋಡಿಸುವ ಕೆಲಸ ನನ್ನದು ಎಂದರು ಅಂಕಲ್. ಅವರು ಆಂಟಿಯ ಜೊತೆ ಒಂದು ಬದಿಗೆ ನಿಂತರು. ಅಷ್ಟು ಹೊತ್ತಿಗೆ ಅವರಿಗೆ ಮಂಡಿಯೂರುವುದು ಕಷ್ಟವಾಗಿತ್ತು. ಪಿನ್ ಮೊದಲ ಸಲ ತೂತಿಗೆ ಕೂರಲಿಲ್ಲ. ಹೊರಗೆಳೆದು ಮತ್ತೆ ತಳ್ಳಿದೆ. ಎಲ್ಲ ಹಾಕಿ ಮುಗಿಸಿ, ಕಣ್ಣು ಮುಚ್ಚಿ, ಒಂದೊಂದನ್ನೂ ಮುಟ್ಟಿದೆ. ಎದ್ದು ನಿಂತೆ.

“ಮುಟ್ಟಿದ್ರಾ?”

“ಮುಟ್ಟಿದೆ ಅಂಕಲ್.”

“ಎಲ್ಲ?”

“ಎಂಟೂ ಇದೆ.”

ಅವರು ಬಂದು ನೋಡಲಿ ಎಂದು ನಾನು ಪಕ್ಕಕ್ಕೆ ಸರಿದೆ. ಅವರು ಬರಲಿಲ್ಲ. ನಡೆದುಕೊಂಡು ಹೋಗಿ ಬಾಗಿಲ ಹತ್ತಿರದ ಕಂಬಿ ಹಿಡಿದುಕೊಂಡರು. “ಮೆಟ್ಟಿಲು ಎತ್ತರ ಉಂಟು ಮಾರಾಯ್ತಿ. ಒಂದು ಕೈ ಕೊಡಿ.”

“ನೀವು ನೋಡೋದಿಲ್ವಾ ಅಂಕಲ್?”

“ನೀವು ನೋಡಿದ್ರಲ್ಲ?”

“ನೋಡಿದೆ. ಆದ್ರೂ...”

“ನೀವು ಹೇಳಿದ್ರಲ್ಲ, ಎಂಟೂ ಉಂಟು ಅಂತ. ಮತ್ತೆಂತ?”

ಕೈ ಕೊಟ್ಟೆ. ನನ್ನ ಕೈಯೆಲ್ಲ ಗ್ರೀಸಾಗಿತ್ತು, ಅವರದು ಅಂದು ಸ್ವಚ್ಛವಾಗಿತ್ತು. ಹತ್ತಿ ಊಟದ ಮೇಜಿನ ಬೆಂಚಿನಲ್ಲಿ ಕಿಟಕಿಯ ಪಕ್ಕ ಕೂತರು. ಆಂಟಿ ಕಪಾಟುಗಳನ್ನೆಲ್ಲ ತೆರೆದು ನೋಡಿ, ನಲ್ಲಿ ತಿರುಗಿಸಿ, ನೀರು ಬಂದದ್ದಕ್ಕೆ ಕಿರುಚಿದರು. ನಾನು ಮುಂದಿನ ಸೀಟಿನಲ್ಲಿ ಕೂತು ಆ ಸಣ್ಣ ಪರದೆಯನ್ನೇ ನೋಡುತ್ತ ಹೋದೆ, ಕಣ್ಣು ಮಿಟುಕಿಸಲೂ ಹೆದರಿ. ಕಾರಿನ ಮುಖ ನೇರವಾಗಿತ್ತು. ತಿರುವಿನಲ್ಲಿ ನಮ್ಮ ಜೊತೆ ತಿರುಗಿತು, ಮತ್ತೆ ನೇರವಾಯಿತು. ಆ ಪರದೆ ಅಂಕಲ್‌ಗೂ ಕಾಣುವಂತಿತ್ತು. ನಾನು ಎರಡು ಸಲ ತಿರುಗಿ ಅವರನ್ನು ನೋಡಿದೆ. ಎರಡು ಸಲವೂ ಅವರು ಕಿಟಕಿಯ ಕಡೆಗೆ ಮುಖ ಮಾಡಿದ್ದರು.

ಡೆಲ್ ಮಾರ್‌ನಲ್ಲಿ ರಸ್ತೆ ಇಳಿದು ಸಮುದ್ರ ಒಮ್ಮೆಲೇ ಎದುರಾಯಿತು. ಅಂಕಲ್ ಗಾಜಿಗೆ ಹಣೆ ತಾಗಿಸಿದರು.

“ಒಳ್ಳೆ ಉಂಟು ಈ ಗಾಡಿ,” ಎಂದರು. “ನಾನು ಇಷ್ಟು ವರ್ಷ ಹಿಂದಿನಿಂದಲೇ ನೋಡಿದ್ದು.”